ನೆಂಟರ ಹೊಲಿಗೆ

ಕೈಗವಸುಗಳು ಬಂದ ದಿನ ಕಾಲರ್ ವಿಭಾಗದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವು ಕಾಲರಕ್ಕನಿಗೇ ಎಂದು ಎಲ್ಲರೂ ತಿಳಿದಿದ್ದರು. ಕಾಲರಕ್ಕನೂ ಹಾಗೇ ತಿಳಿದಿದ್ದಳು. ಅದಕ್ಕೇ ಅವತ್ತು ಉಗುರು ಕತ್ತರಿಸಿಕೊಂಡು, ಮೆಷಿನ್ ಎಣ್ಣೆಯ ಕರೆ ಬಿಡುವ ತನಕ ಕೈ ಉಜ್ಜಿ ತೊಳೆದುಕೊಂಡು ಬಂದಿದ್ದಳು. ಸೂಪರ್‌ವೈಸರ್ ಸಾಲಿನೊಳಗೆ ಬಂದ, ಅವಳ ಮೆಷಿನ್ ದಾಟಿದ, ಅದರ ಹಿಂದಿನ ಮೆಷಿನ್ನಿನ ಮುಂದೆ ನಿಂತು ಅವಳ ಓರಗಿತ್ತಿಯನ್ನು ಕರೆದ.

"ನೀನು ಬಾಮ್ಮ."

ಚಿಕ್ಕವಳು ಎದ್ದಳು. ಎದ್ದವಳು ಒಮ್ಮೆ ಅಕ್ಕನ ಕಡೆ ನೋಡಿದಳು. ಕಾಲರಕ್ಕ ಬಾಬಿನ್ ಬದಲಾಯಿಸುತ್ತಿದ್ದಳು. ಅದರಲ್ಲಿ ಇನ್ನೂ ಅರ್ಧದಷ್ಟು ದಾರವಿತ್ತು.

ಕಂಪನಿಗೆ ಹಲವು ದೇಶಗಳಲ್ಲಿ ಅಂಗಿ ಕಾರ್ಖಾನೆಗಳಿದ್ದವು. ಜೇಬು, ಕಾಜ, ಗುಂಡಿ ಇವೆಲ್ಲ ಆಗಲೇ ಯಂತ್ರದ ಪಾಲಾಗಿದ್ದವು. ಕಾಲರ್ ಮತ್ತು ತೋಳಿನ ತುದಿಯ ಕಫ್ ಮಾತ್ರ ಯಂತ್ರಕ್ಕೆ ಒಲಿದಿರಲಿಲ್ಲ. ಮೆತ್ತಗಿನ ಬಟ್ಟೆಯನ್ನು ಹಿಡಿದು ತಿರುಗಿಸಿ ಚೂಪಾದ ತುದಿ ತರುವುದು ಮನುಷ್ಯರ ಕೈಗೇ ಬಿಟ್ಟ ಕೆಲಸವಾಗಿತ್ತು. ಈಗ ಕಂಪನಿ ಆ ಕೈಯನ್ನೇ ನೋಡಿ ಕಲಿಯುವ ಯಂತ್ರದ ತೋಳೊಂದನ್ನು ಮಾಡಿಸುತ್ತಿತ್ತು. ಕೈಗವಸು ತೆಳ್ಳಗೆ, ಬೂದು ಬಣ್ಣಕ್ಕಿತ್ತು. ಬೆರಳಿನ ಗೆಣ್ಣುಗೆಣ್ಣಿಗೂ ಮೆಣಸಿನ ಕಾಳಿನಷ್ಟು ಗುಂಡಿ, ಮಣಿಕಟ್ಟಿನಿಂದ ಒಂದು ವೈರು. ಅದನ್ನು ತೊಟ್ಟು ಹೊಲಿದರೆ ಬೆರಳುಗಳ ಒಂದೊಂದು ಚಲನೆಯೂ ಕಂಪ್ಯೂಟರಿಗೆ ಹೋಗುತ್ತಿತ್ತು.

"ಯಾರ ಕೆಲಸಾನೂ ಹೋಗಲ್ಲ" ಎಂದು ಸೂಪರ್‌ವೈಸರ್ ಹೇಳಿದ್ದ. ಅದನ್ನು ಯಾರೂ ನಂಬಲಿಲ್ಲ, ಯಾರೂ ಪ್ರಶ್ನಿಸಲೂ ಇಲ್ಲ. ಆ ವಿಭಾಗದ ಹೆಂಗಸರಲ್ಲಿ ಹೆಚ್ಚಿನವರಿಗೆ ಕಾಲರ್ ಹೊಲಿಯಲು ಕಲಿಸಿದವಳು ಕಾಲರಕ್ಕ. ಅವಳಿಗೆ ಆ ಹೆಸರು ಬಂದದ್ದೇ ಹಾಗೆ. ಯಂತ್ರ ಬಂದ ಮೇಲೆ ಏನಾಗುತ್ತದೆ ಎಂಬುದು ಆಮೇಲಿನ ಮಾತು. ಯಂತ್ರಕ್ಕೆ ಕೈ ಬೇಕಿದ್ದರೆ ಅದು ತನ್ನ ಕೈ ಆಗಿರಬೇಕಿತ್ತು. ಅದು ಬಿಟ್ಟು ಬೇರೆ ಯೋಚನೆ ಅವಳ ತಲೆಯಲ್ಲಿ ನಿಲ್ಲಲಿಲ್ಲ.

ಅದರಲ್ಲೂ ಚಿಕ್ಕವಳಾ? ಮೈದುನನನ್ನು ಮದುವೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ ಅವಳಿಗೆ. ಕಾರ್ಖಾನೆಗೆ ಕರೆತಂದು, ಪಕ್ಕದಲ್ಲಿ ಕೂರಿಸಿಕೊಂಡು, ಬೈದು, ಬಿಚ್ಚಿಸಿ ಹೊಲಿಸಿ ಕಲಿಸಿದ್ದಳು.

ಆರಿಸಿದವನು ಕಂಪನಿಯ ಎಂಜಿನಿಯರ್. ಕನ್ನಡಕವನ್ನು ಸದಾ ಹಣೆಯ ಮೇಲೆ ಏರಿಸಿಕೊಂಡಿರುತ್ತಿದ್ದ ಅವನಿಗೆ ಹೆಂಗಸರು ಕನ್ನಡಕ ಎಂದೇ ಹೆಸರಿಟ್ಟಿದ್ದರು. ಛಾವಣಿಗೆ ಕ್ಯಾಮೆರಾ ಹಾಕಿಸಿ ಕೆಲವು ವಾರ ಎಲ್ಲರ ಕೆಲಸ ನೋಡಿದ್ದ. ಅವನ ಮಾತನ್ನು ಸೂಪರ್‌ವೈಸರ್ ತಂದು ಮುಟ್ಟಿಸಿದ: "ಅಕ್ಕ, ನೀವು ಬೇಗ ಹೊಲೀತೀರಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಒಂದು ಕಾಲರಿಗೆ ಕೈ ಆಡಿಸಿದ ಹಾಗೆ ಇನ್ನೊಂದಕ್ಕೆ ಆಡಿಸಲ್ವಂತೆ. ಅವಳದು ಒಂದೇ ಸಮ ಇದೆಯಂತೆ."

"ಕೈ ಒಂದೇ ಸಮ ಇರೋಕೆ ಬಟ್ಟೆ ಒಂದೇ ಸಮ ಬರುತ್ತಾ?" ಎಂದು ಕಾಲರಕ್ಕ ಪಕ್ಕದ ಸಾಲಿನಲ್ಲಿ ಕಫ್ ಹೊಲಿಯುವವಳನ್ನು ಕೇಳಿದಳು.

"ಅವನನ್ನ ಕೇಳು. ನನ್ನನ್ನ ಯಾಕೆ ಕೇಳ್ತೀಯಾ, ನಾನು ಕಫ್ಫಿನವಳು."

ಕಿಟಕಿಯ ಪಕ್ಕ ಗಾಜಿನ ಗೋಡೆ ಎಬ್ಬಿಸಿ ಚಿಕ್ಕವಳಿಗೆ ಪುಟ್ಟ ಕೋಣೆ ಮಾಡಿಕೊಟ್ಟರು. ಒಳಗೆ ಒರಗುವ ಬೆನ್ನಿನ ಕುರ್ಚಿ, ಅವಳೊಬ್ಬಳಿಗೇ ಒಂದು ಫ್ಯಾನು. ಟಾರ್ಗೆಟ್ ಇಲ್ಲ. ಟೀ ಇದ್ದಲ್ಲಿಗೇ ಬರುತ್ತಿತ್ತು. ಕಾಲರಕ್ಕನ ಸ್ಟೂಲಿಗೆ ಬೆನ್ನಿರಲಿಲ್ಲ. ಇಷ್ಟು ವರ್ಷ ಅದು ಅವಳ ಗಮನಕ್ಕೇ ಬಂದಿರಲಿಲ್ಲ. ಈಗ ಸಂಜೆಯ ಹೊತ್ತಿಗೆ ಸೊಂಟ ಬಿಟ್ಟು ಬೇರೇನೂ ಗಮನಕ್ಕೆ ಬರುತ್ತಿರಲಿಲ್ಲ.

ಮನೆಯಲ್ಲಿ ಇನ್ನೊಂದು ಕಥೆ. ಅಣ್ಣತಮ್ಮಂದಿರದು ಒಂದೇ ಮನೆ, ಒಂದೇ ಅಡಿಗೆಮನೆ, ಒಂದೇ ನಲ್ಲಿ. ಕೆಲಸ ಮುಗಿಯುವ ತನಕ ಕೈಗೆ ಗಾಯ, ಸುಟ್ಟ ಬೊಕ್ಕೆ ಏನೂ ಆಗದ ಹಾಗೆ ನೋಡಿಕೊಳ್ಳಬೇಕೆಂದು ಕನ್ನಡಕ ಚಿಕ್ಕವಳಿಗೆ ಹೇಳಿ ಕಳಿಸಿದ್ದ. ಬೆರಳಿಗೆ ಪಟ್ಟಿ ಕಟ್ಟಿದರೆ ಚಲನೆ ಬದಲಾಗುತ್ತದೆ ಎಂಬುದು ಅವನ ಲೆಕ್ಕ. ಅತ್ತೆ ಅದನ್ನು ಸರಕಾರದ ಆಜ್ಞೆಯಂತೆ ತೆಗೆದುಕೊಂಡಳು.

"ಏ ದೊಡ್ಡವಳೇ, ಆ ಪಾತ್ರೆ ನೀನೇ ತೊಳೆದುಬಿಡು. ಅವಳ ಕೈಗೆ ಏನಾದ್ರೂ ಆದ್ರೆ ಕಂಪನಿಯವರಿಗೆ ಯಾರು ಉತ್ತರ ಕೊಡೋದು?"

"ನನ್ನ ಕೈಗೆ ಏನಾದ್ರೂ ಆದ್ರೆ?"

"ನಿನ್ನ ಕೈಗೆ ಏನಾಗುತ್ತೆ? ಇಷ್ಟು ವರ್ಷ ಏನೂ ಆಗಿಲ್ಲ."

"ಬಿಡಿ ಅತ್ತೆ, ನಾನೇ ತೊಳೀತೀನಿ" ಎಂದು ಚಿಕ್ಕವಳು ಎದ್ದಳು.

"ಬೇಡಮ್ಮ, ಕೂತ್ಕೋ" ಎಂದಳು ಕಾಲರಕ್ಕ. "ನೀನು ಗಾಜಿನ ಗೊಂಬೆ. ಒಡೆದುಹೋದ್ರೆ ಅದನ್ನೂ ನಾನೇ ಗುಡಿಸಬೇಕು."

ಊಟಕ್ಕೆ ಕೂತಿದ್ದ ಕಾಲರಕ್ಕನ ಗಂಡ ನಕ್ಕುಬಿಟ್ಟ. "ನಮ್ಮನೇಲಿ ಎರಡು ಜೊತೆ ಕೈ ಇದೆ ನೋಡು. ಒಂದು ಕಂಪನೀದು, ಒಂದು ನಮ್ಮದು."

ಅವತ್ತು ಅವನಿಗೆ ಎರಡನೇ ಸಲ ಬಡಿಸುವವರು ಇರಲಿಲ್ಲ.

ಕೈಗೆ ಹಚ್ಚಿಕೊಳ್ಳಲು ಕಂಪನಿಯವರೇ ಚಿಕ್ಕವಳಿಗೆ ಒಂದು ಡಬ್ಬಿ ಕ್ರೀಮು ಕೊಟ್ಟಿದ್ದರು. ಒಂದು ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಕಾಲರಕ್ಕ ಅದರಲ್ಲಿ ಬೆರಳದ್ದಿ ಅಂಗೈಗೆ ಹಚ್ಚಿಕೊಂಡಳು. ಅದರ ವಾಸನೆ ಸಂಜೆಯ ತನಕ ಹೋಗಲಿಲ್ಲ. ಮರುದಿನ ನೋಡಿದರೆ ಡಬ್ಬಿ ಚಿಕ್ಕವಳ ಕೋಣೆಯಿಂದ ಹೊರಬಂದು ಎಲ್ಲರ ಬಾಚಣಿಗೆ, ಎಣ್ಣೆ ಇಡುವ ಹಲಗೆಯ ಮೇಲೆ ಕೂತಿತ್ತು. ಚಿಕ್ಕವಳು ಕೇಳಿದ್ದರೆ ಕಾಲರಕ್ಕ ಒಂದು ಜಗಳ ಕಾಯಬಹುದಿತ್ತು. ಆ ಕ್ರೀಮನ್ನು ಅವಳು ಮತ್ತೆ ಮುಟ್ಟಲಿಲ್ಲ.

ಕೆಲವು ವಾರಗಳಾದ ಮೇಲೆ ಯಂತ್ರದ ತೋಳು ಹೊಲಿದ ಮೊದಲ ಕಾಲರ್‌ಗಳು ಚೆಕಿಂಗ್ ಟೇಬಲ್ಲಿಗೆ ಬಂದವು. ಹೊಲಿಗೆ ನೆಟ್ಟಗಿತ್ತು, ತುದಿ ಚೂಪಾಗಿತ್ತು. ಕನ್ನಡಕ ಎಲ್ಲರ ಕೈ ಕುಲುಕಿದ. ಆಮೇಲೆ ಒಗೆದು ಒಣಗಿಸಿ ನೋಡುವ ಪರೀಕ್ಷೆ. ಒಣಗಿದ ಕಾಲರ್‌ಗಳ ತುದಿಗಳೆಲ್ಲ ಬಾತುಕೋಳಿಯ ಬಾಲದ ಹಾಗೆ ಮೇಲಕ್ಕೆ ಎದ್ದಿದ್ದವು.

ಕಾಲರ್ ವಿಭಾಗದವರಿಗೆ ಕಾರಣ ನೋಡುತ್ತಲೇ ತಿಳಿಯಿತು.

ಗೋಡೆಯ ಮೇಲೆ ಒಂದು ಚಾರ್ಟ್ ಇದೆ. ಕಾಲರ್ ಹೇಗೆ ಹೊಲಿಯಬೇಕೆಂದು ಅದರಲ್ಲಿ ಚಿತ್ರ ಸಮೇತ ಹಾಕಿದ್ದಾರೆ. ಸೂಜಿಯ ಮುಂದಿನ ರಕ್ಷಣೆಯ ಪಟ್ಟಿ ಇಳಿದಿರಬೇಕು, ಮೇಲಿನ ಬಟ್ಟೆ ಅಡಿಯ ಬಟ್ಟೆ ಸಮನಾಗಿ ಹರಡಿರಬೇಕು, ಎರಡೂ ಅಂಗೈ ಬಟ್ಟೆಯ ಮೇಲಿರಬೇಕು. ಹಾಗೆ ಹೊಲಿದರೆ ಬೆರಳಿಗೆ ಸೂಜಿ ಚುಚ್ಚುವುದಿಲ್ಲ, ನಿಜ. ಆದರೆ ಪಟ್ಟಿ ಅಡ್ಡ ಬಂದು ತುದಿ ಕಾಣುವುದಿಲ್ಲ, ಬಟ್ಟೆ ಒಗೆದ ಮೇಲೆ ಕಾಲರ್ ಮೇಲಕ್ಕೆ ಸುರುಳಿಯಾಗುತ್ತದೆ. ಆದ್ದರಿಂದ ದಿನದ ಕೆಲಸದಲ್ಲಿ ಯಾರೂ ಚಾರ್ಟಿನ ಕಡೆ ನೋಡುವುದಿಲ್ಲ. ಪಟ್ಟಿಯನ್ನು ಪಕ್ಕಕ್ಕೆ ತಿರುಗಿಸಿ, ತುದಿ ಹತ್ತಿರ ಬಂದಾಗ ಛಾವಣಿಯ ಕ್ಯಾಮೆರಾಕ್ಕೆ ಕಾಣದ ಎಡಗೈ ಕಿರುಬೆರಳಿನಿಂದ ಅಡಿಯ ಬಟ್ಟೆಯನ್ನು ಕೂದಲೆಳೆಯಷ್ಟು ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಹಾಗೆ ಎಳೆದ ಕಾಲರ್ ಎಷ್ಟು ಒಗೆದರೂ ತಲೆ ತಗ್ಗಿಸಿ ಕೂತಿರುತ್ತದೆ.

ಅಂಗಿ ಕೊಳ್ಳುವ ಕಂಪನಿಗಳವರು ನೋಡಲು ಬಂದಾಗ ಮಾತ್ರ ಚಾರ್ಟಿಗೆ ಬೆಲೆ. ಗೇಟಿನಿಂದ ಫೋನ್ ಬರುತ್ತಲೇ ಸೂಪರ್‌ವೈಸರ್ "ನೆಂಟರು ಬಂದ್ರು, ನೆಂಟರು ಬಂದ್ರು" ಎನ್ನುತ್ತಾ ಸಾಲುಗಳ ನಡುವೆ ಓಡಾಡುತ್ತಾನೆ. ಪಟ್ಟಿಗಳು ಟಕಟಕ ಇಳಿಯುತ್ತವೆ. ಕೈಗಳು ತಾವಾಗಿಯೇ ಸಭ್ಯವಾಗುತ್ತವೆ. ಇದಕ್ಕೆ ನೆಂಟರ ಹೊಲಿಗೆ ಎಂದು ಹೆಸರು. ನೆಂಟರು ಹೋದ ಮೇಲೆ ಆ ಕಾಲರ್‌ಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯುತ್ತಾರೆ. ಹೊಸಬರಿಗೆ ಮೊದಲು ಕಲಿಸುವುದೇ ಇದನ್ನು. ಬೆನ್ನ ಹಿಂದೆ ಗುರುತಿಲ್ಲದವರು ನಿಂತರೆ ಕೈ ನೆಂಟರ ಹೊಲಿಗೆಗೆ ತಿರುಗಬೇಕು, ತಲೆಗೆ ಕೆಲಸ ಕೊಡಬಾರದು.

ಗಾಜಿನ ಕೋಣೆಯಲ್ಲಿ ಚಿಕ್ಕವಳ ಬೆನ್ನ ಹಿಂದೆ ದಿನವಿಡೀ ಕನ್ನಡಕ ಕೂತಿರುತ್ತಿದ್ದ, ಜೊತೆಗೆ ಅವನ ಕಡೆಯ ಇನ್ನಿಬ್ಬರು. ಅವಳ ಕೈ ಕಲಿತದ್ದನ್ನು ಮಾಡಿತ್ತು.

ಕ್ಯಾಂಟೀನಿನಲ್ಲಿ ಕಫ್ಫಿನವಳಿಗೆ ನಕ್ಕು ನಕ್ಕು ನೆತ್ತಿಗೇರಿತು. "ನಿನ್ನ ಓರಗಿತ್ತಿ ಮೆಷಿನ್ನಿಗೂ ನೆಂಟರ ಹೊಲಿಗೆ ಕಲಿಸಿಬಿಟ್ಟಳಲ್ಲೇ. ಬೇಕಂತ ಮಾಡಿದಳಾ?"

"ಅಷ್ಟು ತಲೆ ಎಲ್ಲಿದೆ ಅವಳಿಗೆ? ಗಾಬರಿ."

"ಗಾಬರಿಯೋ, ಬೇಕಂತಲೋ, ಒಳ್ಳೇದಾಯ್ತು. ಯಾರೂ ಬಾಯಿ ಬಿಡಬೇಡಿ ಮತ್ತೆ. ನನ್ನ ಮಗಳ ಓದು ಮುಗಿಯೋ ತನಕ ಆ ಮೆಷಿನ್ ದಡ್ಡನಾಗೇ ಇರಲಿ."

ಎಲ್ಲರೂ ಒಪ್ಪಿದರು. ಕಾಲರಕ್ಕನೂ ಒಪ್ಪಿದಳು. ಒಪ್ಪಲು ಅವಳಿಗೆ ಬೇರೆ ಕಾರಣವಿತ್ತು. ಕನ್ನಡಕನ ಮುಖ ದಿನದಿನಕ್ಕೆ ಸಣ್ಣಗಾಗುತ್ತಿತ್ತು. ಬಟ್ಟೆ ಬದಲಾಯಿಸಿದ, ಒಳಗಿನ ಗಟ್ಟಿ ಪದರ ಬದಲಾಯಿಸಿದ, ನೀರಿನ ಬಿಸಿ ಬದಲಾಯಿಸಿದ. ಇಂದಲ್ಲ ನಾಳೆ ಅವನು ಕೈಯನ್ನೇ ಬದಲಾಯಿಸುತ್ತಾನೆ, ಚಿಕ್ಕವಳು ಬೆನ್ನಿಲ್ಲದ ಸ್ಟೂಲಿಗೆ ವಾಪಸು ಬರುತ್ತಾಳೆ. ಆ ದಿನಗಳಲ್ಲಿ ಪಾತ್ರೆ ತೊಳೆಯುವುದು ಅವಳಿಗೆ ಅಷ್ಟು ಭಾರವಾಗಲಿಲ್ಲ.

"ಏನಮ್ಮಾ, ಕಾಲರ್‌ಗಳು ಎದ್ದು ನಿಂತಿವೆಯಂತೆ?" ಎಂದು ಒಮ್ಮೆ ಅಡಿಗೆಮನೆಯಲ್ಲಿ ಕೇಳಿದಳು.

"ಹೂಂ ಅಕ್ಕ. ಬಟ್ಟೇದೇ ತೊಂದರೆ ಇರಬೇಕು ಅಂತಾರೆ." ಚಿಕ್ಕವಳು ಎರಡೂ ಕೈಗಳನ್ನು ಅವಳ ಮುಂದೆ ಚಾಚಿದಳು. "ನನ್ನ ಕೈ ಸರಿ ಇದೆ ತಾನೇ? ನೀನೇ ಕಲಿಸಿದ್ದು, ನೀನೇ ಹೇಳು."

ಕಾಲರಕ್ಕ ಆ ಕೈಗಳನ್ನು ನೋಡಿದಳು. ಕ್ರೀಮು ಹಚ್ಚಿ ಹಚ್ಚಿ ಮೃದುವಾಗಿದ್ದವು.

"ಸರಿ ಇದೆ" ಎಂದಳು.

ಆದರೆ ಕನ್ನಡಕ ಕೈ ಬದಲಾಯಿಸಲಿಲ್ಲ. ಇಲ್ಲಿನ ಸಲಕರಣೆಯಲ್ಲೇ ಏನೋ ಕೊರತೆ ಇದೆ, ಹೊರದೇಶದ ಮುಖ್ಯ ಕಚೇರಿಯಲ್ಲಿ ಇನ್ನೂ ಸೂಕ್ಷ್ಮವಾದ ಸಲಕರಣೆ ಇದೆ, ಆದ್ದರಿಂದ ಈಕೆಯನ್ನೇ ಅಲ್ಲಿಗೆ ಕರೆದೊಯ್ದು ಮತ್ತೊಮ್ಮೆ ಹೊಲಿಸಬೇಕು ಎಂದು ತೀರ್ಮಾನವಾಯಿತು. ಚಿಕ್ಕವಳಿಗೆ ಪಾಸ್‌ಪೋರ್ಟ್ ಮಾಡಿಸಲು ಫೋಟೋ ತೆಗೆಸಿದರು.

ಅತ್ತೆ ಬೀದಿಯ ಈ ತುದಿಯಿಂದ ಆ ತುದಿಗೆ ಸುದ್ದಿ ಮುಟ್ಟಿಸಿ ಬಂದಳು. "ನಮ್ಮ ಮನೆತನದಲ್ಲೇ ವಿಮಾನ ಹತ್ತೋದು ಇವಳೇ ಮೊದಲು." ಕಾಲರಕ್ಕನ ಗಂಡ ಗೆಳೆಯನ ಹತ್ತಿರ ಸೂಟ್‌ಕೇಸ್ ಕೇಳಿ ತಂದ. ಅದಕ್ಕೆ ಚಕ್ರಗಳಿದ್ದವು. ಅದು ಉರುಳುತ್ತದೋ ಇಲ್ಲವೋ ನೋಡಲು ಅವನು ಮತ್ತು ಮೈದುನ ಸರದಿಯಂತೆ ನಡುಮನೆಯಲ್ಲಿ ಎಳೆದಾಡಿದರು.

ಇದೆಲ್ಲವನ್ನೂ ಕಾಲರಕ್ಕ ಹಲ್ಲು ಕಚ್ಚಿ ನುಂಗಿಕೊಂಡಳು. ಮರುದಿನ ಸಂಜೆ ತರಕಾರಿ ಅಂಗಡಿಯಲ್ಲಿ ನಿಂತಿದ್ದಾಗ, ಇಷ್ಟು ವರ್ಷ ಅವಳನ್ನು ಕಾಲರಕ್ಕ ಎಂದೇ ಕೂಗುತ್ತಿದ್ದ ಅಂಗಡಿಯವನು ಪಕ್ಕದ ಗಿರಾಕಿಗೆ ಅವಳ ಪರಿಚಯ ಮಾಡಿಕೊಟ್ಟ: "ಇವರು ಗೊತ್ತಲ್ಲ? ವಿಮಾನದಲ್ಲಿ ಹೋಗ್ತಾರಲ್ಲ, ಅವರ ಅಕ್ಕ."

ಗಿರಾಕಿ ಅವಳನ್ನು ನೋಡಿ ನಕ್ಕಳು. ಕಾಲರಕ್ಕ ಆರಿಸಿಟ್ಟ ತರಕಾರಿಯನ್ನು ಅಲ್ಲೇ ಬಿಟ್ಟು ಬಂದಳು.

ಮಾರನೇ ದಿನ ಕಾರ್ಖಾನೆಯಲ್ಲಿ ಅವಳು ತನ್ನ ಮೆಷಿನ್ನಿನ ಹತ್ತಿರ ಹೋಗಲೇ ಇಲ್ಲ. ನೇರವಾಗಿ ಗಾಜಿನ ಕೋಣೆಯ ಬಾಗಿಲು ತಳ್ಳಿದಳು. ಚಿಕ್ಕವಳು ಕೈಗವಸು ತೊಟ್ಟು ಹೊಲಿಯುತ್ತಿದ್ದಳು. ಹಿಂದೆ ಕನ್ನಡಕ, ಸೂಪರ್‌ವೈಸರ್ ಇಬ್ಬರೂ ಇದ್ದರು.

"ಸಾರ್, ಇವಳು ಹೊಲೀತಿರೋದು ನೆಂಟರ ಹೊಲಿಗೆ."

ಮೆಷಿನ್ ನಿಂತಿತು. ಚಿಕ್ಕವಳು ತಲೆ ಬಗ್ಗಿಸಿ, ಇಳಿದಿದ್ದ ಪಟ್ಟಿಯನ್ನೂ ಬಟ್ಟೆಯ ಮೇಲೆ ಸಪಾಟಾಗಿ ಹರಡಿದ್ದ ತನ್ನ ಕೈಗಳನ್ನೂ ನೋಡಿದಳು. ಅವಳಿಗೆ ಗೊತ್ತಾದದ್ದು ಆಗ.

"ಏನು ಹೊಲಿಗೆ?" ಎಂದ ಕನ್ನಡಕ.

ಸೂಪರ್‌ವೈಸರ್ ಕೆಮ್ಮಿದ. ಕಾಲರಕ್ಕ ಬಿಡಿಸಿ ಹೇಳಿದಳು. ಚಾರ್ಟು, ಗೇಟಿನ ಫೋನು, ಪಟ್ಟಿ, ಕಿರುಬೆರಳು, ಒಂದನ್ನೂ ಬಿಡಲಿಲ್ಲ. ಸೂಪರ್‌ವೈಸರ್ ನೆಲ ನೋಡುತ್ತಿದ್ದ. ಕನ್ನಡಕನಿಗೆ ಕೋಪವೇನೂ ಬರಲಿಲ್ಲ. "ಎಲ್ಲಾ ಫ್ಯಾಕ್ಟರೀಲೂ ಇಂಥದ್ದು ಒಂದು ಇದ್ದೇ ಇರುತ್ತೆ" ಎಂದ. "ನಾವೂ ಹಳೇ ಕಾಲರ್ ಬಿಚ್ಚಿ ಅಳತೆ ತಗೊಳ್ತಾ ಇದ್ವಿ. ಅಡಿಯ ಬಟ್ಟೆ ಚಿಕ್ಕದು ಬರ್ತಿತ್ತು. ನೀವು ಹೇಳದಿದ್ರೂ ಸ್ವಲ್ಪ ದಿನದಲ್ಲಿ ಸಿಗ್ತಿತ್ತು. ಇರಲಿ, ಕೂತ್ಕೊಳ್ಳಿ, ತೋರಿಸಿ."

ಚಿಕ್ಕವಳು ಎದ್ದು ಕೈಗವಸು ಕಳಚಿದಳು. ಕಾಲರಕ್ಕ ತೊಟ್ಟಾಗ ಅವು ಒಳಗೆ ಬೆಚ್ಚಗಿದ್ದವು, ಇನ್ನೊಬ್ಬರ ಬೆವರಿಗೆ ಸ್ವಲ್ಪ ಒದ್ದೆಯಾಗಿದ್ದವು. ಕುರ್ಚಿಯೂ ಬೆಚ್ಚಗಿತ್ತು. ಅವಳು ಬೆನ್ನು ಒರಗಿಸಿ ನೋಡಿದಳು. ನಂತರ ಮುಂದಕ್ಕೆ ಬಗ್ಗಿದಳು, ಪಟ್ಟಿಯನ್ನು ಪಕ್ಕಕ್ಕೆ ತಳ್ಳಿದಳು.

"ನನ್ನ ಹಿಂದೆ ಯಾರೂ ನಿಲ್ಲಬೇಡಿ" ಎಂದಳು.

ಅಂದು ಹೊಲಿದಷ್ಟು ಚೆನ್ನಾಗಿ ಅವಳು ಎಂದೂ ಹೊಲಿದಿರಲಿಲ್ಲ. ಗಾಜಿನಾಚೆ ಇಡೀ ವಿಭಾಗ ನೋಡುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಮಧ್ಯಾಹ್ನ ಊಟಕ್ಕೆ ಹೋದಾಗ ಕಫ್ಫಿನವಳು ತನ್ನ ಡಬ್ಬಿ ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು.

ಮನೆಯಲ್ಲಿ ಚಿಕ್ಕವಳು ಕೇಳಿದ್ದು ಒಂದೇ ಮಾತು.

"ಮನೇಲೇ ಹೇಳಬಹುದಿತ್ತಲ್ಲ ಅಕ್ಕ."

"ಮನೇಲಿ ಹೇಳಿದ್ರೆ ನೀನೇ ಸರಿ ಮಾಡ್ಕೊಂಡುಬಿಡ್ತಿದ್ದೆ."

ಚಿಕ್ಕವಳು ತೋಳಿನ ಬಟ್ಟೆ ಮೇಲಕ್ಕೇರಿಸಿ ಪಾತ್ರೆಗಳ ಮುಂದೆ ಕೂತಳು.

ಬೇಕಾದ ಕೈ ಇಲ್ಲೇ ಸಿಕ್ಕಿದ್ದರಿಂದ ಹೊರದೇಶದ ಪ್ರಯಾಣ ಯಾರಿಗೂ ಬೇಕಾಗಲಿಲ್ಲ. ಸೂಟ್‌ಕೇಸ್ ವಾಪಸು ಹೋಯಿತು. ಅತ್ತೆ ಬೀದಿಗೆ ಇಳಿಯುವುದನ್ನೇ ಕಮ್ಮಿ ಮಾಡಿದಳು. ಇನ್ನು ಮುಂದೆ ತನ್ನ ಕೈಯನ್ನೂ ಜೋಪಾನ ಮಾಡಬೇಕಂತೆ ಎಂದು ಕಾಲರಕ್ಕ ತಿಳಿಸಿದಾಗ ಅತ್ತೆ ಅಂದಳು: "ಅವಳದೂ ಜೋಪಾನ, ನಿನ್ನದೂ ಜೋಪಾನ. ಹಾಗಾದ್ರೆ ಈ ಮನೇಲಿ ಪಾತ್ರೆ ತೊಳೆಯೋಕೆ ನನ್ನನ್ನ ಮದುವೆ ಮಾಡ್ಕೊಂಡು ಬಂದಿದಾರಾ?"

ಮುಂದಿನ ಒಗೆತದಲ್ಲಿ ಕಾಲರ್‌ಗಳು ಏಳಲಿಲ್ಲ. ಯಂತ್ರದ ತೋಳುಗಳು ಒಂದೊಂದಾಗಿ ಬಂದು, ಹೊಲಿಗೆ ಮೆಷಿನ್‌ಗಳಿದ್ದ ಜಾಗದಲ್ಲಿ ಕೂತವು. ಕಂಪನಿಯ ಬೇರೆ ದೇಶಗಳ ಕಾರ್ಖಾನೆಗಳಿಗೂ ಅದೇ ಹೊಲಿಗೆ ಹೋಯಿತು. ಅದನ್ನು ಕಳಿಸಲು ಹಡಗು ಬೇಕಾಗಲಿಲ್ಲ. ಕಾಲರ್ ವಿಭಾಗ ಮುಚ್ಚಿತು. ಆಮೇಲೆ ಕಫ್ ವಿಭಾಗದ ಸರದಿ. ತುದಿ ತಿರುಗಿಸಲು ಕಲಿತ ತೋಳಿಗೆ ಕಫ್ ಎಷ್ಟರದು? ಕಫ್ಫಿನವಳು ಹೋಗುವ ದಿನ ಸಾಲಿನಲ್ಲಿ ಎಲ್ಲರಿಗೂ ಹೇಳಿ, ಕಾಲರಕ್ಕನ ಮುಂದಿನಿಂದ ಹಾದು ಹೊರಟುಹೋದಳು.

ತೋಳುಗಳಿಗೆ ದಾರ ಹಾಕಲು, ಬಟ್ಟೆ ಜೋಡಿಸಿ ಕೊಡಲು ಒಬ್ಬರು ಬೇಕಿತ್ತು. ಕಂಪ್ಯೂಟರಿನ ಪಕ್ಕ ಕೂತು ಅಭ್ಯಾಸವಿದೆ, ವಯಸ್ಸೂ ಕಡಿಮೆ ಎಂದು ಚಿಕ್ಕವಳನ್ನು ಇಟ್ಟುಕೊಂಡರು. ಒರಗುವ ಬೆನ್ನಿನ ಕುರ್ಚಿ ಮತ್ತೆ ಅವಳಿಗೇ ಬಂತು. ಕಾಲರಕ್ಕನನ್ನು ಪ್ಯಾಕಿಂಗಿಗೆ ಹಾಕಿದರು. ಮಡಿಸಿದ ಅಂಗಿಯ ಕಾಲರಿನೊಳಗೆ ರಟ್ಟಿನ ಪಟ್ಟಿ ತೂರಿಸುವುದು ಅವಳ ಕೆಲಸ. ಕಾಲರ್‌ಗಳು ದಿನವಿಡೀ ಅವಳ ಬೆರಳ ನಡುವೆ ಹಾದು ಹೋಗುತ್ತಿದ್ದವು. ಪ್ರತಿಯೊಂದನ್ನೂ ಅವಳು ತಿರುವಿ ನೋಡುತ್ತಿದ್ದಳು. ಎಲ್ಲವೂ ಒಂದೇ ಸಮ ಇದ್ದವು.

ಆ ಹೊಲಿಗೆ ಯಾರದು ಎಂದು ಅವಳು ಕನ್ನಡಕ ಊರು ಬಿಡುವ ಮೊದಲೇ ಕೇಳಿದ್ದಳು. "ಇಬ್ಬರದ್ದೂ ಸೇರಿಸಿದೀವಿ" ಎಂದಿದ್ದ ಅವನು. "ತುದಿ ಹೆಚ್ಚಾಗಿ ನಿಮ್ಮದು. ಉದ್ದದ ಹೊಲಿಗೆ ಅವರದು. ನಡುವೆ ಎಲ್ಲಿ ಯಾರು ಅಂತ ನಮಗೂ ಹೇಳೋಕಾಗಲ್ಲ."

ಆ ಮಾತು ಅವಳಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತಾಗಿತ್ತು. ಊಟದ ಬಿಡುವಿನಲ್ಲಿ ಅವಳು ಪ್ಯಾಕಿಂಗಿನಿಂದ ಎದ್ದು ತೋಳುಗಳ ಹತ್ತಿರ ಹೋಗಿ ನಿಲ್ಲತೊಡಗಿದಳು. ಮೊದಮೊದಲು ಚಿಕ್ಕವಳು "ಕೂತ್ಕೋ ಅಕ್ಕ" ಎಂದು ಕುರ್ಚಿ ಬಿಟ್ಟುಕೊಡಲು ಬರುತ್ತಿದ್ದಳು. ಅವಳು ಕೂರುತ್ತಿರಲಿಲ್ಲ.

"ಸ್ವಲ್ಪ ನಿಧಾನ ಮಾಡೇ ಅದನ್ನ" ಎಂದಳು ಒಂದು ದಿನ.

ಚಿಕ್ಕವಳು ಒಂದು ಗುಂಡಿ ಒತ್ತಿದಳು. ತೋಳು ನಿಧಾನವಾಯಿತು. ಬಟ್ಟೆಯನ್ನು ಎತ್ತಿಕೊಂಡಿತು, ಜೋಡಿಸಿತು, ಉದ್ದಕ್ಕೆ ಹೊಲಿಯುತ್ತಾ ಹೋಯಿತು. ಅಲ್ಲಿ ಒಂದು ಕಡೆ ಸಣ್ಣದಾಗಿ ತಡೆಯಿತು. ಹಾಗೆ ತಡೆಯುವುದು ಚಿಕ್ಕವಳ ಅಭ್ಯಾಸ, ಕಾಲರಕ್ಕ ಎಷ್ಟು ಬೈದರೂ ಬಿಟ್ಟಿರಲಿಲ್ಲ. ಕಾಲರಕ್ಕ ಇನ್ನೂ ಹತ್ತಿರ ಬಗ್ಗಿದಳು. ತುದಿ ಬಂತು. ತೋಳಿನ ಅಡಿಯಿಂದ ತೆಳ್ಳನೆಯ ಕಡ್ಡಿಯೊಂದು ಹೊರಬಂದು ಅಡಿಯ ಬಟ್ಟೆಯನ್ನು ಕೂದಲೆಳೆಯಷ್ಟು ತನ್ನ ಕಡೆ ಎಳೆದುಕೊಂಡಿತು.

"ಅದು ನಂದು."

"ಹೂಂ ಅಕ್ಕ, ನಿಂದೇ."

"ಅದಕ್ಕೂ ಮುಂಚೆ ತಡೀತಲ್ಲ, ಅದೂ ನಂದೇ. ನಿನಗೆ ನಾನೇ ಕಲಿಸಿದ್ದು."

ಇದು ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು. ಚಿಕ್ಕವಳು ದಾರದ ಹೊಸ ಉಂಡೆಯನ್ನು ಗೂಟಕ್ಕೆ ಸಿಕ್ಕಿಸುತ್ತಿದ್ದಳು.

"ಆಗಲಿ ಅಕ್ಕ. ಪೂರ್ತಿ ನಿಂದೇ."

"ಪೂರ್ತಿ ಅಂದ್ರೆ ಪೂರ್ತಿ. ನಿಂದು ಅಂತ ಇದರಲ್ಲಿ ಒಂದು ಹೊಲಿಗೇನೂ ಇಲ್ಲ."

"ಇಲ್ಲ. ನಾನೆಲ್ಲಿ ಇದೆ ಅಂದೆ?"

ಅವಳು ತಿರುಗಿ ನೋಡಲೂ ಇಲ್ಲ. ದಾರದ ತುದಿಯನ್ನು ಒಂದೊಂದೇ ತೂತಿನಲ್ಲಿ ಇಳಿಸುತ್ತಾ ಹೋದಳು, ತೋಳನ್ನು ಮತ್ತೆ ಮೊದಲಿನ ವೇಗಕ್ಕೆ ಹಾಕಿ ಮುಂದಿನದರ ಹತ್ತಿರ ನಡೆದಳು. ಕಾಲರಕ್ಕ ಅವಳ ಹಿಂದೆಯೇ ಎರಡು ಹೆಜ್ಜೆ ಹೋದಳು. ಒಂದು ಮಾತು ಎದುರಾಡಲಿ, ಅಲ್ಲ ಅದು ನನ್ನದು ಎನ್ನಲಿ ಎಂದು ಕಾಯುತ್ತಾ ಬಿಡುವು ಮುಗಿದ ಗಂಟೆ ಹೊಡೆಯುವ ತನಕ ಅಲ್ಲೇ ನಿಂತಿದ್ದಳು.